ನೀಲಿ ಗುರುತಿನ ತನಕ

ಗುಹೆಯೊಳಗಿನ ಹೊಳೆಗೆ ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಬೇಕು. ಹೊಳೆ ಉಕ್ಕಿದರೆ ಕೆಳಗಿನ ಊರಿಗೆ ಮೊದಲೇ ಗೊತ್ತಾಗಬೇಕು. ಕೆಲಸ ಇಷ್ಟೇ. ಆದರೆ ಅಕ್ಕ ಅದನ್ನು ಹತ್ತೊಂಬತ್ತು ಕೆಲಸಗಳಾಗಿ ಒಡೆದು, ಒಂದೊಂದರ ಮುಂದೆ ಒಬ್ಬರ ಹೆಸರು, ಮುಗಿಸಬೇಕಾದ ಗಂಟೆ ಬರೆದು, ಹಾಳೆಯನ್ನು ಗುಹೆಯ ಬಾಯಲ್ಲಿದ್ದ ಬಂಡೆಗೆ ಅಂಟಿಸಿದ್ದಳು.

"ನಮ್ಮ ಮದುವೆಗೂ ಹಿಂಗೇ ಪಟ್ಟಿ ಮಾಡಿದ್ಲು ಕಣೋ," ಎಂದ ಭಾವ, ಹಗ್ಗ ಹೆಗಲಿಗೇರಿಸುತ್ತ. "ನಾನು ನಗಬೇಕಾದ ಹೊತ್ತೂ ಅದರಲ್ಲಿತ್ತು."

ನಕ್ಷೆ ಬರೆಯುವ ತಮ್ಮ ಬಿದ್ದು ಬಿದ್ದು ನಕ್ಕ.

ಒಳಗೆ ಮೂರು ಗುರುತು: ಕೆಂಪು, ಹಳದಿ, ನೀಲಿ. ಭಾವ, ತಮ್ಮ ಫೋನಿನ ತಂತಿ ಬಿಡುತ್ತ ಹೋಗಿ, ಪ್ರತಿ ಗುರುತಿನಿಂದಲೂ ಗುಹೆಯ ಬಾಯಲ್ಲಿರುವ ಅಕ್ಕನಿಗೆ ಸುದ್ದಿ ಮುಟ್ಟಿಸಬೇಕು. ಅವಳು ಹೇಳಿದ್ದನ್ನು ತಿರುಗಿ ಒಪ್ಪಿಸಬೇಕು.

ದೀಪದ ಬದಲಿ ಬ್ಯಾಟರಿ ಯಾರು ಹೊರಬೇಕೆಂದು ಬೆಳಿಗ್ಗೆ ಭಾವ, ತಮ್ಮ ಕಿತ್ತಾಡಿದ್ದರು. ಮನೆಯವರ ಜಗಳ ಸಾಕಪ್ಪಾ ಎಂದು ಅಕ್ಕ ಆ ಒಂದೇ ಸಾಲಿನ ಮುಂದೆ 'ಇಬ್ಬರೂ' ಎಂದು ಬರೆದಿದ್ದಳು.

ಕೆಂಪು ಗುರುತು ದಾಟಿದರೆ ದೊಡ್ಡ ಹಜಾರ. ಮೇಲಿನಿಂದ ಇಳಿಬಿದ್ದ ಸುಣ್ಣದ ಕಲ್ಲುಗಳ ತುದಿಯಲ್ಲಿ ನೀರ ಹನಿಗಳು ತೂಗುತ್ತಿದ್ದವು. ದೀಪ ಆಡಿಸಿದಂತೆಲ್ಲ ಗೋಡೆ ಕಂದು, ಕೆನೆ, ಹಸಿರು ಬಣ್ಣಕ್ಕೆ ತಿರುಗುತ್ತಿತ್ತು. ಹಳದಿ ಗುರುತಿನ ಆಚೆ ತಗ್ಗು ದಾರಿ; ಅಲ್ಲಿ ಮೊಣಕಾಲುದ್ದ ನೀರು. ನೀಲಿ ಗುರುತಿನಲ್ಲಿ ಯಂತ್ರ ಕೂತಿತು, ಹೇಳಿದ ಗಂಟೆಗೇ.

ಅಷ್ಟರಲ್ಲಿ ಭಾವನ ದೀಪ ಜಾರಿ ಹೊಳೆಗೆ ಬಿತ್ತು. ತಮ್ಮನದು ಮಂಕಾಗಿ ಆರಿತು.

"ಬ್ಯಾಟರಿ ಕೊಡಿ ಭಾವ."

"ನಿನ್ನ ಹತ್ರ ಇದೆಯಲ್ಲೋ!"

ಇನ್ನೊಬ್ಬ ತಂದಿದ್ದಾನೆಂದೇ ಇಬ್ಬರೂ ನಂಬಿ ಬಂದಿದ್ದರು. ತಮ್ಮ ತಡಕಾಡಿ ಫೋನ್ ಎತ್ತಿದ.

"ಹೊರಗೆ ಮಳೆ ಜೋರಾಗಿದೆ," ಎಂದಳು ಅಕ್ಕ. "ಈಗಲೇ ಹೊರಡಿ. ತಂತಿ ಬಿಡಬೇಡಿ, ಬೇರೆ ದಾರಿ ಹುಡುಕಬೇಡಿ. ಹಳದಿ ಗುರುತಿಗೆ ದೀಪ ತರ್ತೀನಿ. ತಿರುಗಿ ಹೇಳು."

ತಮ್ಮ ಒಪ್ಪಿಸಿದ. ಈ ಸಲ ಯಾರೂ ನಗಲಿಲ್ಲ.

ತಗ್ಗು ದಾರಿಯಲ್ಲಿ ನೀರು ಸೊಂಟಕ್ಕೆ ಬಂತು. ಎದೆಗೆ ಬಂತು. ತಂತಿ ನೀರಿನಡಿ ಹೋಯಿತು.

"ಇಲ್ಲಿ ಮೇಲಕ್ಕೊಂದು ಸಂದಿ ಕೈಗೆ ಸಿಗ್ತಿದೆ ಭಾವ. ಹತ್ತೋಣ!"

"ತಂತಿ ಬಿಟ್ಟೀಯ, ಜೋಕೆ! ಅಕ್ಕಂಗೆ ಏನಂತ ಒಪ್ಪಿಸ್ದೆ?"

ತಮ್ಮ ಹಲ್ಲು ಕಚ್ಚಿ ತಂತಿ ಹಿಡಿದ. ಹತ್ತು ಹೆಜ್ಜೆ. ಕತ್ತಿನ ತನಕ ನೀರು. ಇನ್ನೂ ಐದು ಹೆಜ್ಜೆ.

ಬೆಳಕು! ಹಳದಿ ಗುರುತಿನ ಪಕ್ಕ ಅಕ್ಕ ಕೈ ಚಾಚಿ ನಿಂತಿದ್ದಳು. ಅವಳ ಹೊಟ್ಟೆ ತಣ್ಣಗಿರಲಿ!

ಅವರು ಹೊರಬಿದ್ದಾಗ ಕೆಳಗಿನ ಊರಿನಲ್ಲಿ ಸೈರನ್ ಕೂಗುತ್ತಿತ್ತು. ಯಂತ್ರ ತನ್ನ ಕೆಲಸ ಮಾಡಿತ್ತು. ಹೊಳೆದಂಡೆಯ ಜನ ಆಗಲೇ ದಿಬ್ಬ ಹತ್ತುತ್ತಿದ್ದರು. ಮೂವರೂ ನೋಡುತ್ತ ನಿಂತರು.

ಅಕ್ಕ ಕಣ್ಣೊರೆಸಿಕೊಂಡು, ಹಾಳೆಯಲ್ಲಿ 'ಇಬ್ಬರೂ' ಎಂಬುದನ್ನು ಹೊಡೆದುಹಾಕಿದಳು. "ತಪ್ಪು ನಂದು. ಒಂದು ಕೆಲಸಕ್ಕೆ ಒಂದೇ ಹೆಸರು ಇರ್ಬೇಕಿತ್ತು."

ತಮ್ಮ ಪೆನ್ನು ಕಸಿದು ಇಪ್ಪತ್ತನೇ ಸಾಲು ಸೇರಿಸಿದ: 'ಅಕ್ಕನಿಗೆ ಧನ್ಯವಾದ ಹೇಳುವುದು.' "ಯಾರ ಹೆಸರು ಬರೀಲಿ ಭಾವ?"

ಭಾವ ತನ್ನ ಹೆಸರು ಬರೆದ. ಗಂಟೆಯ ಜಾಗದಲ್ಲಿ 'ಈಗಲೇ' ಎಂದು ಬರೆದ.

"ನೀನಿಲ್ದಿದ್ರೆ ನಾವು ಅಲ್ಲೇ ಉಳೀತಿದ್ವಿ ಕಣೇ. ತುಂಬಾ ಥ್ಯಾಂಕ್ಸ್."

"ಮಳೇಲಿ ಕೇಳಿಸ್ಲಿಲ್ಲ ರೀ," ಎಂದಳು ಅಕ್ಕ. "ತಿರುಗಿ ಹೇಳಿ."

ಭಾವ ತಿರುಗಿ ಹೇಳಿದ.