ಮೀಜೆ ಕೊಟ್ಟ ಊರು

"ಸತ್ತಳು ಅಂತ ಹೇಳಿದ್ಯಾ? ಏಳು ವರ್ಷದ ಮಗುಗೆ? ಮನಸ್ಸಾದ್ರೂ ಹೇಗೆ ಬಂತು ನಿನಗೆ?"

"ಕೂಗ್ಬೇಡ ಮಕಾಮೆ. ಮಕ್ಕಳು ಇನ್ನೂ ಅಂಗಳದಲ್ಲೇ ಇದಾವೆ."

ನಾನು ಕೂಗಿದೆ. ಕೈಯಲ್ಲಿದ್ದ ಬಾಚಿಯನ್ನು ಅರ್ಧ ಕಟ್ಟಿದ ದೋಣಿಗೆ ಬೀಸಿ ಹೊಡೆದೆ. ರಾಯಾ ಕದಲಲಿಲ್ಲ.

ಕಡಲಲ್ಲಿ ದೋಣಿ ಮುಳುಗಿ ನನ್ನ ಹೆಂಡತಿ ಹೋದ ಮೇಲೆ ಮಗಳು ಮೀಜೆ ಮಾತು ಬಿಟ್ಟಿದ್ದಳು. 'ಅಮ್ಮ ಪಕ್ಕದ ದ್ವೀಪ ಉಂಗುಜಾಕ್ಕೆ ಹೋಗಿದಾಳೆ, ಬರ್ತಾಳೆ' ಎಂದು ನಾನು ಹೇಳುತ್ತಲೇ ಬಂದೆ. ನಮ್ಮ ಪೆಂಬಾ ದ್ವೀಪದ ಶಾಲೆಗೆ ಟೀಚರಾಗಿ ಬಂದ ರಾಯಾ, ದಿನಾ ಸಂಜೆ ನಮ್ಮ ಅಂಗಳದಲ್ಲೇ ಮಕ್ಕಳನ್ನು ಒಗಟಿನಾಟಕ್ಕೆ ಕೂರಿಸುತ್ತಿದ್ದಳು. ಉತ್ತರ ಬಾರದವರು ಒಂದು ಊರು ಕೊಡಬೇಕು. ಒಗಟು ಹಾಕಿದವರು ಆ ಊರಿಗೆ ಹೋಗಿಬಂದ ಕಥೆ ಹೇಳಿ, ಆಮೇಲೆ ಉತ್ತರ ಬಿಡಿಸಬೇಕು.

ನಾನೂ ಹೋಗಿ ಕೂರುತ್ತಿದ್ದೆ.

"ದಿನವಿಡೀ ನಡೆಯುತ್ತೆ, ಹೆಜ್ಜೆ ಮೂಡಲ್ಲ. ಏನದು?" ಕಣ್ಣಂಚಿನಲ್ಲೇ ನಕ್ಕು ಒಮ್ಮೆ ಕೇಳಿದ್ದಳು.

"ಗೊತ್ತಿಲ್ಲಪ್ಪ. ಮೊಂಬಾಸಾ ತಗೋ."

ಮೊಂಬಾಸಾದ ಕಥೆ ಮುಗಿಸಿ ಉತ್ತರ ಬಿಡಿಸಿದಳು: "ದೋಣಿ ಕಟ್ಟೋನಿಗೆ ದೋಣಿ ಗೊತ್ತಾಗ್ಲಿಲ್ವಾ? ಕಳ್ಳ!"

ಅವಳ ದನಿ ಇನ್ನಷ್ಟು ಹೊತ್ತು ಕೇಳಲೆಂದೇ ಸೋತಿದ್ದೆ. ಅದು ಅವಳಿಗೂ ಗೊತ್ತಿತ್ತು. ರಂಜಾನ್ ಕಳೆದ ಮೇಲೆ ನಿಖಾ ಎಂದು ಮಾತಾಗಿತ್ತು.

ಈ ಜಗಳವಾದ ಸಂಜೆ ಉತ್ತರ ಬಾರದೆ ಕೂತವಳು ಮೀಜೆ. ವರ್ಷದ ಮೇಲೆ ಮೊದಲ ಸಲ ಬಾಯಿ ತೆರೆದಳು. "ಉಂಗುಜಾ" ಅಂದಳು. ರಾಯಾ ಕಥೆ ಶುರುಮಾಡುವ ಮೊದಲೇ, "ಅಲ್ಲಿ ಅಮ್ಮ ಸಿಕ್ಕಿದ್ಲಾ?"

"ಇಲ್ಲ ಕಂದ. ಅಮ್ಮ ಸಮುದ್ರದಲ್ಲಿ ತೀರಿಹೋದ್ಲು" ಎಂದುಬಿಟ್ಟಿದ್ದಳು ರಾಯಾ.

"ಆಟ ತಾನೇ? ಸಿಕ್ಕಿದ್ಲು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಮತ್ತೆ ಕೂಗಿದೆ.

"ಅವಳಿಗೆ ಒಳಗೊಳಗೇ ಗೊತ್ತಿದೆ. ಬಾಯಿಬಿಟ್ರೆ ನೀನು ಒಡೆದುಹೋಗ್ತೀಯ ಅಂತ ಬಾಯಿ ಕಟ್ಕೊಂಡಿದಾಳೆ. ಹೋಗು, ಪಕ್ಕದಲ್ಲಿ ಕೂತು ನಿಜ ಅನ್ನು. ಜೊತೆಗೆ ಅಳು. ನಾನೂ ಬರ್ತೀನಿ."

ಅವಳ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಅವಳು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

ಅಷ್ಟರಲ್ಲಿ ಮೀಜೆಯೇ ಬಂದು ಎದುರು ನಿಂತಳು. "ಹೌದಾ ಅಪ್ಪ?"

"ಟೀಚರ್ ತಮಾಷೆ ಮಾಡಿದ್ಲು ಕಣಮ್ಮ," ಎಂದೆ. "ಅಮ್ಮ ಬರ್ತಾಳೆ."

ಮಗಳು ನನ್ನ ಮುಖವನ್ನೇ ನೋಡಿದಳು. ಏನೋ ಕೇಳಲು ತೆರೆದ ತುಟಿಗಳು ನಿಧಾನವಾಗಿ ಮುಚ್ಚಿಕೊಂಡವು.

ರಾಯಾ ಬೈಯಲಿಲ್ಲ. ಸೆರಗನ್ನು ತಲೆಗೆಳೆದುಕೊಂಡು, ಮೀಜೆಯ ಕೆನ್ನೆ ಮುಟ್ಟಿ, ಲವಂಗ ಒಣಹಾಕಿದ ಚಾಪೆಗಳನ್ನು ಬಳಸಿಕೊಂಡು ರಸ್ತೆಗಿಳಿದಳು. ಕರೆದಿದ್ದರೆ ತಿರುಗುತ್ತಿದ್ದಳೇನೋ. ನಾನು ಕರೆಯಲಿಲ್ಲ.

ಮುಂದಿನ ವಾರ ಶಾಲೆಗೆ ಬೇರೆ ಟೀಚರ್ ಬಂದರು.