ಚರ್ಚಿನ ಹಿಂದಿನ ಎಂಟು ಕಂಬಗಳು

ಸೋಮವಾರ, ಅಕ್ಟೋಬರ್ 9, ಬೆಳಿಗ್ಗೆ 6-40. ವಿಲೆಟ್ ಕಣಿವೆ ಪೊಲೀಸ್ ಠಾಣೆಗೆ ಪಾದ್ರಿ ಅಡೀಲ್ ಫೆನ್ವಿಕ್ ಅವರ ಫೋನ್ ಬಂತು. ಚರ್ಚಿನ ಹಿಂದೆ ನೆಟ್ಟಿದ್ದ ಎಂಟು ಕಂಬಗಳನ್ನು ಯಾರೋ ಬುಡದಲ್ಲಿ ಕೊಯ್ದು ಉರುಳಿಸಿದ್ದಾರೆ ಎಂಬುದು ದೂರು.

ದೂರು ದಾಖಲಿಸಿಕೊಂಡ ಸಾರ್ಜೆಂಟ್ ರೆನಾಟಾ ಕಿರೋಸ್‌ಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಕಂಬಗಳ ಮೇಲೆ ಊರಿಗೆ ಊರೇ ಹಲ್ಲು ಮಸೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಈ ಪುಟ್ಟ ಊರು ಹೊಸದಾಗಿ ನಾನೂರು ಮನೆಗಳಿಗೆ ಜಾಗ ಮಾಡಿಕೊಡಬೇಕೆಂದು ಪ್ರಾದೇಶಿಕ ಮಂಡಳಿ ಹೇಳಿತ್ತು. ಅವುಗಳಲ್ಲಿ ಕಡಿಮೆ ಸಂಬಳದವರ ಮೂವತ್ತಾರು ಮನೆಗಳಿಗೆ ಚರ್ಚು ತನ್ನ ಕಾರು ನಿಲ್ಲಿಸುವ ಜಾಗವನ್ನೇ ಬಿಟ್ಟುಕೊಟ್ಟಿತ್ತು. ಕಟ್ಟಡ ಎಷ್ಟೆತ್ತರ ಬರುತ್ತದೆಂದು ಜನ ಕಣ್ಣಾರೆ ಕಾಣಲಿ ಎಂದು ಇಲ್ಲಿ ಮೊದಲೇ ಕಂಬ ನೆಟ್ಟು, ತುದಿಗೆ ಕಿತ್ತಳೆ ಬಣ್ಣದ ಬಲೆ ಕಟ್ಟುತ್ತಾರೆ. ಜನ ಕಂಡರು, ಕಂಡು ಹೌಹಾರಿದರು. ಅಲ್ಲಿಯವರೆಗೆ ಹತ್ತು ಮಂದಿಯೂ ಬರದಿದ್ದ ನಗರಸಭೆಯ ಸಭೆಯಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ.

ಈ ಮನೆಗಳ ಬಗ್ಗೆ ನಗರಸಭೆಯ ಮತದಾನ ಗುರುವಾರ. ಅದಕ್ಕೆ ಮೊದಲು ಸರ್ವೆಯರ್ ಕಂಬಗಳ ಎತ್ತರ ಅಳೆದು ಸಹಿ ಹಾಕಬೇಕು, ಇಲ್ಲದಿದ್ದರೆ ಮತದಾನವೇ ಇಲ್ಲ. ಅವನು ಬರಬೇಕಿದ್ದುದು ಅದೇ ಸೋಮವಾರ ಒಂಬತ್ತಕ್ಕೆ.

"ಯಾರಿಗೋ ಶಿಕ್ಷೆ ಆಗ್ಲಿ ಅಂತಲ್ಲ ಸಾರ್ಜೆಂಟ್," ಎಂದರು ಪಾದ್ರಿ. "ಗುರುವಾರ ತಪ್ಪಿದ್ರೆ ಈ ಮನೆಗಳು ತಪ್ಪಿದ ಹಾಗೇನೇ."

ಪೇದೆ ಟಾಮ್ಲಿನ್ ಟೇಪು ಹಿಡಿದ. ಸ್ಥಳ ಮಹಜರು ನಡೆಯಿತು. ಬುಡದ ಮೋಟೂ ಸೇರಿ ಪ್ರತಿ ಕಂಬ ಮೂವತ್ತೈದು ಅಡಿ. ನಕ್ಷೆಯಲ್ಲಿದ್ದದ್ದೂ ಅಷ್ಟೇ. ಆದರೆ ಎಂಟರ ತುದಿಯಲ್ಲೂ ಬೋಲ್ಟು ಹಾಕಿದ ಹೊಸ ತೂತುಗಳಿದ್ದವು.

"ಮೇಲೆ ಇನ್ನೇನೋ ಜೋಡಿಸಿದ್ರು ಮೇಡಂ. ಬಿಚ್ಕೊಂಡು ಹೋಗಿದಾರೆ."

"ಸಿಟ್ಟಲ್ಲಿ ಕೊಯ್ಯೋಕೆ ಬಂದೋನು ಬಿಚ್ಚೋ ತಾಪತ್ರಯ ಯಾಕೆ ತಗೊಂಡ?"

ಉತ್ತರ ಸಿಕ್ಕಿದ್ದು ವಿರೋಧಿಗಳೇ ಮನೆಮನೆಗೆ ಹಂಚಿದ್ದ ಕರಪತ್ರದಲ್ಲಿ. ನಕ್ಷೆಯ ಪ್ರಕಾರ ಬಲೆ ಚರ್ಚಿನ ಗಂಟೆಗಿಂತ ಕೆಳಗಿರಬೇಕು. ಕರಪತ್ರದ ಫೋಟೋದಲ್ಲಿ ಅದು ಗಂಟೆಗೋಪುರವನ್ನೂ ಮೀರಿ ನಿಂತಿತ್ತು. ಅಂದರೆ ಯಾರೋ ಕಂಬಗಳನ್ನು ಮೊದಲು ಉದ್ದ ಮಾಡಿ ಊರನ್ನು ಹೆದರಿಸಿದ್ದರು. ಸರ್ವೆಯರ್ ಅಳೆದರೆ ಬಣ್ಣ ಬಯಲಾಗುತ್ತದೆಂದು ಸೇರಿಸಿದ ತುಂಡುಗಳನ್ನು ಬಿಚ್ಚಿ, ಕಂಬ ಗಿಡ್ಡವಾದದ್ದು ಗೊತ್ತಾಗದಿರಲೆಂದು ಉಳಿದದ್ದನ್ನು ಪುಂಡರ ಕೆಲಸದಂತೆ ಕೊಯ್ದು ಹೋಗಿದ್ದರು. ಎರಡು ವಾರ ಇಡೀ ಊರು ಕೂಗಾಡಿದ್ದು ಒಂದು ಸುಳ್ಳಿನ ಮೇಲೆ!

ಆ ಎತ್ತರಕ್ಕೆ ಏಣಿ ಸಾಲದು. ಊರಿನಲ್ಲಿ ಅಷ್ಟು ಮೇಲೇರುವುದು ನಗರಸಭೆಯ ಬೀದಿದೀಪದ ಲಾರಿಯೊಂದೇ. ಅದರ ಉಸ್ತುವಾರಿ ಪಗಾನೋ ತಡವರಿಸದೆ ಹೇಳಿದ: ಸ್ಥಾಪಕರ ದಿನದ ಪತಾಕೆ ಕಟ್ಟಲು ಉಪಮೇಯರ್ ಹಾಲಿಸ್ ಬ್ರಾಂಟ್ ಪ್ರತಿವರ್ಷ ತಾವೇ ಲಾರಿ ಒಯ್ಯುತ್ತಾರೆ, ಯಾರೂ ಕೇಳುವುದಿಲ್ಲ. ಈ ಸಲ ಎರಡು ಬಾರಿ ಒಯ್ದಿದ್ದರು, ಎರಡನೆಯದು ಭಾನುವಾರ ಸಂಜೆ. ಪತಾಕೆಗಳೋ, ಎರಡು ವಾರದಿಂದ ಹಾರಾಡುತ್ತಿದ್ದವು.

ಮಂಗಳವಾರ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಬಂತು. ಬ್ರಾಂಟ್ ಅವರ ಶೆಡ್ಡಿನಲ್ಲಿ ಪತಾಕೆ ಕೋಲುಗಳ ಹಿಂದೆ ಹತ್ತಡಿಯ ಎಂಟು ತುಂಡುಗಳಿದ್ದವು, ಬೋಲ್ಟಿಗೆ ಕಿತ್ತಳೆ ಬಲೆಯ ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಬ್ರಾಂಟ್ ಅಡ್ಡ ಮಾತಾಡಲಿಲ್ಲ. ಅವರ ಹಕ್ಕುಗಳನ್ನು ಓದಿ ಹೇಳಿದ ಮೇಲೆ ರೆನಾಟಾ ಕೇಳಿದಳು.

"ಯಾಕೆ?"

"ಕಾಡ್ಗಿಚ್ಚು ಬಂದ ವರ್ಷ ನನ್ನ ತಂಗಿ ಕಾರಲ್ಲೇ ಸತ್ಲು. ಮುಂದಿನ ಕಾರೂ ಕದಲ್ಲಿಲ್ಲ, ಹಿಂದಿಂದೂ ಕದಲ್ಲಿಲ್ಲ. ಈ ಊರಿಂದ ಆಚೆ ಹೋಗೋಕೆ ಇರೋದು ಒಂದೇ ರಸ್ತೆ. ಅದ್ರ ಮೇಲೆ ಇನ್ನೂ ನಾನೂರು ಮನೆ! ಮಂಡಳಿಗೆ ಬರ್ದೆ, ಬರ್ದೆ, ಸಾಕಾಯ್ತು. ಸಭೇಲಿ ನಕ್ಷೆ ಬಿಚ್ಚಿ ತೋರಿಸ್ದೆ, ಖಾಲಿ ಕುರ್ಚಿಗಳಿಗೆ. ಹತ್ತಡಿ ಮರ ಸೇರಿಸಿದ್ಮೇಲೆ ಊರೆಲ್ಲಾ ಬಂತು."

"ಬಂದೋರಲ್ಲಿ ರಸ್ತೆ ಮಾತು ಎಷ್ಟು ಜನ ಎತ್ತಿದ್ರು?"

"ಒಬ್ರೂ ಇಲ್ಲ. ಕಿಟಕಿಯಿಂದ ಬೆಟ್ಟ ಕಾಣಲ್ಲ ಅಂದ್ರು. ಮನೆ ಬೆಲೆ ಇಳಿಯುತ್ತೆ ಅಂದ್ರು."

ರೆನಾಟಾಗೆ ರೇಗಿತು. ಠಾಣೆಯ ಒಬ್ಬ ಪೊಲೀಸನಿಗೂ ಈ ಊರಿನಲ್ಲಿ ಬಾಡಿಗೆ ಕೊಡುವ ತಾಕತ್ತಿರಲಿಲ್ಲ. ಅವಳ ಮನೆ ಎರಡು ಗಂಟೆಯ ದಾರಿ.

"ಆ ಮನೆಗಳಿಗೆ ಬರೋರು ಈಗ್ಲೂ ದಿನಾ ಅದೇ ರಸ್ತೇಲಿ ಬಂದು ಹೋಗ್ತಾರೆ, ಹಾಲಿಸ್. ನಾನೂ ಅಷ್ಟೆ. ಬೆಂಕಿ ಬಿದ್ದಾಗ ನಾವು ನಿಮ್ಮ ಲೆಕ್ಕಕ್ಕಿಲ್ವಾ?"

ಸಂಜೆ 4-15ಕ್ಕೆ ದಸ್ತಗಿರಿಯಾಯಿತು. ಕಾರು ಹತ್ತುವ ಮುನ್ನ ಬ್ರಾಂಟ್ ಶೆಡ್ಡಿನ ಗೋಡೆಯಲ್ಲಿದ್ದ, ಸಭೆಯಲ್ಲಿ ತಾವು ಬಿಚ್ಚಿದ್ದ ಆ ರಸ್ತೆಯ ನಕ್ಷೆ ತೋರಿಸಿ, "ಅದೊಂದನ್ನ ಸಾಕ್ಷಿ ಅಂತ ಕಟ್ಟಿ ಮೂಲೆಗೆ ಹಾಕ್ಬೇಡಿ," ಎಂದರು. ನಕ್ಷೆಗೂ ಅಪರಾಧಕ್ಕೂ ಸಂಬಂಧವಿರಲಿಲ್ಲ. ಅದನ್ನು ಮಹಜರಿಗೆ ಸೇರಿಸದೆ ರೆನಾಟಾ ಸುರುಳಿ ಸುತ್ತಿ ಕೈಯಲ್ಲೇ ಇಟ್ಟುಕೊಂಡಳು.

ಬುಧವಾರ ಕಂಬಗಳು ಸರಿಯಾದ ಎತ್ತರಕ್ಕೆ ಮತ್ತೆ ನಿಂತವು, ಸರ್ವೆಯರ್ ಸಹಿ ಹಾಕಿದ. ಗುರುವಾರ ಬ್ರಾಂಟ್ ಅವರ ಕುರ್ಚಿ ಖಾಲಿಯಿತ್ತು. ಮೂರಕ್ಕೆ ಒಂದು ಮತದಿಂದ ಮೂವತ್ತಾರು ಮನೆಗಳು ಮಂಜೂರಾದವು. ಗೆದ್ದವರು ಅಪ್ಪಿಕೊಂಡರು, ಸೋತವರು ಬೈದುಕೊಂಡು ಹೊರಟರು, ಸಭಾಂಗಣ ಬರಿದಾಯಿತು.

ಕೊನೆಗೆ ಸಾರ್ವಜನಿಕರು ಮಾತಾಡಬಹುದು ಎಂದು ಮೇಯರ್ ವಾಡಿಕೆಯಂತೆ ಹೇಳಿದರು. ಸಮವಸ್ತ್ರವಿಲ್ಲದೆ ಹಿಂದಿನ ಸಾಲಿನಲ್ಲಿ ಕೂತಿದ್ದ ರೆನಾಟಾ ಎದ್ದು ಮೈಕಿನ ಮುಂದೆ ನಿಂತು ನಕ್ಷೆ ಬಿಚ್ಚಿದಳು. ಅದು ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು. ಪಾದ್ರಿ ಅಡೀಲ್ ಬಂದು ಇನ್ನೊಂದು ತುದಿ ಹಿಡಿದುಕೊಂಡರು.

"ಮನೆಗಳು ಬರ್ತವೆ, ಸಂತೋಷ," ಎಂದಳು ರೆನಾಟಾ. "ಈಗ ರಸ್ತೆ ಮಾತಾಡೋಣ."