ವಾಪಸ್ ಬಂದ ಬುತ್ತಿ

ಸಂಜೆ ಕಳಿಸಿದ ಬುತ್ತಿ ಆ ದಿನವೂ ಮುಟ್ಟದೆ ವಾಪಸ್ ಬಂದಿತ್ತು. ಅದನ್ನು ನೋಡಿ ಹಂಪೇಶನಿಗೆ ಖುಷಿಯಾಯಿತು. ಅನ್ನ ಹಾಕುವವನಿಗೆ ಅನ್ನ ವಾಪಸ್ ಬಂದರೆ ಖುಷಿಯೇ ಎಂದು ನೀವು ಕೇಳಬಹುದು. ಪ್ರೀತಿಯಲ್ಲಿ ಬಿದ್ದವನ ತಲೆ ನೆಟ್ಟಗಿರುತ್ತದೆಯೆ?

ಕೊಟ್ಟೂರಿನ ಶೇಂಗಾ ವ್ಯಾಪಾರಿಗಳು ಟ್ರಸ್ಟ್ ಮಾಡಿ ಕಟ್ಟಿಸಿದ ಧರ್ಮದ ಆಸ್ಪತ್ರೆ ಅದು. ದಾಸೋಹದ ಉಸ್ತುವಾರಿ ಹಂಪೇಶನದು. ರೋಗಿಗಳ ಕಡೆಯವರನ್ನು ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕೂರಿಸಿ, ಸಾಕು ಅಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕುವುದು ಅಲ್ಲಿಯ ಪದ್ಧತಿ. ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರ ಬಂದದ್ದೇ ಆ ಸಾಲು ಎದ್ದುಹೋಯಿತು. ಕಣ್ಣಿನ ಶಿಬಿರದ ಹಾಲ್ ಜ್ವರದ ವಾರ್ಡಾಯಿತು. ಟ್ರಸ್ಟಿನ ಹೊಲಿಗೆ ಕ್ಲಾಸಿನ ಹೆಣ್ಣುಮಕ್ಕಳು ಜಂಪರ್ ಬಿಟ್ಟು ಮಾಸ್ಕ್ ಹೊಲಿಯತೊಡಗಿದರು. ವಾರ್ಡಿನ ಊಟ ಕ್ಯಾರಿಯರಿನಲ್ಲಿ ಹಿಂದಿನ ಕಿಟಕಿಯ ಕಟ್ಟೆಗೆ ಹೋಗುತ್ತಿತ್ತು. ಇಟ್ಟವನು ಬೇವಿನ ಮರದವರೆಗೆ ಹಿಂದೆ ಸರಿದ ಮೇಲೆಯೇ ನರ್ಸ್ ಬಂದು ತೆಗೆದುಕೊಳ್ಳಬೇಕು.

ಆ ನರ್ಸ್ ಸೌಭಾಗ್ಯ, ಹಿರೇಹಡಗಲಿಯ ಕುರಿಗಾರರ ಮನೆಯ ಹುಡುಗಿ. ಹಗಲೂ ರಾತ್ರಿ ವಾರ್ಡಿನೊಳಗೇ ಇರಲು ಒಪ್ಪಿದವಳು ಅವಳೊಬ್ಬಳೇ. ಕ್ಯಾರಿಯರಿನ ಜೊತೆಗೆ ಅವಳ ಬುತ್ತಿಯೂ ಬೇರೆಯಾಗಿ ಹೋಗುತ್ತಿತ್ತು. ಆಸ್ಪತ್ರೆಯೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ಹಂಪೇಶನ ಬಾಯಲ್ಲಿ ಮಾತ್ರ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಅದನ್ನು ಅವಳೂ ಗಮನಿಸಿದ್ದಳು.

ಮದುವೆಯ ಮಾತನ್ನು ಅವನಿನ್ನೂ ಅವಳ ಹತ್ತಿರ ಆಡಿರಲಿಲ್ಲ. "ಬ್ಯಾರೆ ಮಂದಿ ಹುಡುಗಿ. ನಮ್ಮ ಮನಿ ನೇಮ ಅಕಿಗೇನು ಗೊತ್ತೈತಿ?" ಎಂದು, ಅವನು ಮನೆಯಲ್ಲಿ ವಿಷಯ ಎತ್ತಿದಾಗಲೇ ಅವ್ವ ದಾಕ್ಷಾಯಣಮ್ಮ ಒಂದೇ ಮಾತಿನಲ್ಲಿ ಬಾಗಿಲು ಹಾಕಿದ್ದಳು. ಈಗ ಶ್ರಾವಣ. ಅವರ ಮನೆಯಲ್ಲಿ ತಿಂಗಳಿಡೀ ಒಪ್ಪತ್ತು, ಅಂದರೆ ಮಧ್ಯಾಹ್ನ ಒಂದೇ ಊಟ. ಸೌಭಾಗ್ಯಳ ಮಧ್ಯಾಹ್ನದ ಬುತ್ತಿ ಅಷ್ಟೋ ಇಷ್ಟೋ ಖಾಲಿಯಾಗುತ್ತಿತ್ತು, ಸಂಜೆಯದು ಹಾಗೇ ಬರುತ್ತಿತ್ತು. ತಮ್ಮ ಮನೆಯ ನೇಮವನ್ನು ಹುಡುಗಿ ಈಗಲೇ ಹಿಡಿದಿದ್ದಾಳೆ ಎಂದು ಅವನು ಲೆಕ್ಕ ಹಾಕಿದ.

"ಒಪ್ಪತ್ತು ಹಿಡದೀರೇನ್ರಿ?" ಮರದ ಬುಡದಿಂದ ಕೇಳಿದ.

ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಮಾಸ್ಕಿನ ಮೇಲಿನ ಕಣ್ಣುಗಳು ಅವನ ಮೇಲೆ ಸ್ವಲ್ಪ ಹೊತ್ತು ನಿಂತವು.

"ಹೂಂ ಅಂತ ತಿಳ್ಕೊಳ್ರಿ."

"ಯಾರ ಸಲುವಾಗಿ?"

"ಅದನ್ನೂ ನೀವ ತಿಳ್ಕೊಳ್ರಿ."

ಕಣ್ಣುಗಳು ನಕ್ಕವು. ಅವುಗಳ ಸುತ್ತ ಕೆಂಪೇರಿತ್ತು. ನಾಚಿಕೆ ಎಂದುಕೊಂಡು ಅವನು ಹಾರಿಕೊಂಡೇ ಮನೆಗೆ ಹೋದ.

"ಅಕಿ ಸಂಜಿ ಊಟ ಬಿಟ್ಟಾಳವ್ವ," ಎಂದ.

ದಾಕ್ಷಾಯಣಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು. "ಹೌದೇನು? ಶ್ರಾವಣ ಮುಗೀಲಿ, ನೋಡೂಣು."

ಅಷ್ಟು ಸಾಕಾಯಿತು ಅವನಿಗೆ. ಅವಳ ವ್ರತ ಕೆಡಬಾರದೆಂದು ಮರುದಿನದಿಂದ ಸಂಜೆಯ ಬುತ್ತಿಯನ್ನೇ ನಿಲ್ಲಿಸಿಬಿಟ್ಟ. ಊರ ಮಂದಿಗೆಲ್ಲ ಒತ್ತಾಯ ಮಾಡಿ ಬಡಿಸಿದವನು ಅವಳೊಬ್ಬಳನ್ನು ಯಾಕೆ ಉಣ್ಣಲಿಲ್ಲ ಎಂದು ಕೇಳಲಿಲ್ಲ.

ಶ್ರಾವಣ ಮುಗಿಯುವ ಮುಂಚೆಯೇ ಒಂದು ಬೆಳಿಗ್ಗೆ ಅವಳು ರೋಗಿಯೊಬ್ಬನ ಮಂಚದ ಪಕ್ಕ ಕುಸಿದಳು. ಡಾಕ್ಟರ್ ಗಂಗಾಧರ್ ಮೈ ಮುಟ್ಟಿ ನೋಡಿ ಬೈದೇಬಿಟ್ಟರು. ಜ್ವರದ ಮಾತ್ರೆ ನುಂಗಿ ನುಂಗಿ ಅವಳು ಎಲ್ಲರಿಂದ ಮುಚ್ಚಿಟ್ಟಿದ್ದಳು. ಬಳ್ಳಾರಿಗೆ ಒಯ್ಯಲು ವ್ಯಾನ್ ಬಂತು. ಹಂಪೇಶ ಬೇವಿನ ಮರ ದಾಟಿ, ಯಾರು ಕೂಗಿದರೂ ಕೇಳದೆ, ವ್ಯಾನಿನ ಬಾಗಿಲಿಗೆ ಹೋಗಿ ನಿಂತ.

"ಒಪ್ಪತ್ತಲ್ರಿ ಅದು," ಎಂದಳು, ಮಾತಿಗೊಮ್ಮೆ ಉಸಿರು ಎಳೆಯುತ್ತ. "ಸಂಜಿ ಆತಂದ್ರ ಜ್ವರ ಏರ್ತಿತ್ತು. ಗಂಟಲ್ದಾಗ ಇಳೀತಿರ್ಲಿಲ್ಲ."

"ನನಗರ ಹೇಳಬಾರ್ದೇನ್ರಿ?"

"ಹೇಳಿದ್ರ ಡಾಕ್ಟ್ರಿಗೆ ಹೇಳ್ತಿದ್ರಿ. ಒಳಗಿದ್ದೋರ್ನ ಯಾರು ನೋಡ್ತಿದ್ರು?"

ಡ್ರೈವರ್ ಗಾಡಿ ಚಾಲೂ ಮಾಡಿದ. ಇನ್ನು ತಡಮಾಡಲು ಹಂಪೇಶನಿಗೆ ಹೊತ್ತಿರಲಿಲ್ಲ.

"ನಿಮ್ಮನ್ನ ಮದಿವಿ ಆಗಬೇಕಂತ ಮಾಡೀನ್ರಿ."

ಅವಳು ಕಣ್ಣು ತೆರೆದಳು. "ಅವ್ವಾರು?"

"ಒಪ್ಯಾಳ," ಎಂದು ಸುಳ್ಳು ಹೇಳಿದ.

"ಹಂಗಂದ್ರ ಚಲೋ ಆತು," ಎಂದಳು ಸೌಭಾಗ್ಯ. ಬಾಗಿಲು ಹಾಕಿಕೊಂಡಿತು.

ಮರುದಿನ ಬಳ್ಳಾರಿಯಿಂದ ಫೋನ್ ಬಂತು. ಹೆಣವನ್ನು ಪೂರ್ತಿ ಸುತ್ತಿ ಕೊಟ್ಟಿದ್ದರಿಂದ ಹಿರೇಹಡಗಲಿಯಲ್ಲಿ ಯಾರೂ ಮುಖ ನೋಡಲಿಲ್ಲ. ಹಂಪೇಶನನ್ನು ಆಸ್ಪತ್ರೆಯವರು ಒಂದು ಕೋಣೆಯಲ್ಲಿ ಬೇರೆ ಇಟ್ಟಿದ್ದರು. ಅವನಿಗೆ ಕೆಮ್ಮು ಕೂಡ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಅವನು ಗೋಡೆ ನೋಡುತ್ತ ಮಲಗಿದ್ದ.

ಅವನು ಹೊರಗೆ ಬಂದ ಮೇಲೆ ಒಂದು ದಿನ ಸೌಭಾಗ್ಯಳ ತಾಯಿ ತಿಪ್ಪೇರುದ್ರಮ್ಮ ಮಗಳ ಟ್ರಂಕು ಒಯ್ಯಲು ಬಂದಳು. ಟ್ರಂಕನ್ನು ಪಕ್ಕಕ್ಕಿಟ್ಟುಕೊಂಡು ಖಾಲಿ ಶೆಡ್ಡಿನಲ್ಲಿ ಕೂತಳು.

"ಊಟಾ ಕೊಡ್ತಿದ್ದಾಂವ ನೀನೇನಪ್ಪಾ?"

"ಹೂಂನ್ರವ್ವ."

"ಫೋನ್ ಮಾಡಿದಾಗೆಲ್ಲ ನಿನ್ನ ಸುದ್ದೀನ. ಸಾಕಂದ್ರೂ ಬಿಡಾಂಗಿಲ್ಲವ್ವ ಅವರು ಅಂತಿದ್ಲು. ಅದಕ್ಕ ನಾನು ನಿಶ್ಚಿಂತಿ ಇದ್ನಿ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕಡೀಕರ ಹೊಟ್ಟಿತುಂಬ ಉಂಡಿತ್ತೇನಪ್ಪಾ ನನ್ನ ಕೂಸು?"

ಹೌದು ಅನ್ನಬಹುದಿತ್ತು. ಅವನಿಂದ ಆಗಲಿಲ್ಲ.

"ಇಲ್ರವ್ವ. ಸಂಜಿ ಊಟ ನಾನ ನಿಲ್ಲಿಸಿದ್ನಿ."

ಮುದುಕಿಗೆ ಅರ್ಥವಾಗಲಿಲ್ಲ. "ಯಾಕಪ್ಪಾ?" ಎಂದು ಮೆಲ್ಲಗೆ ಕೇಳಿದಳು.

"ಅಕಿನ್ನ ಮದಿವಿ ಆಗಾಂವ ಇದ್ನಿ," ಎಂದ ಹಂಪೇಶ. "ಅದಕ್ಕ."